ವಾರದ ಸಿನಿಮಾಗಳ ಅನಿಸಿಕೆ: ಚಿತ್ರದ ದೋಷ ಯಾವುದು, ನಿಮ್ಮ ಕೋಣೆಯ ದೋಷ ಯಾವುದು?

ಪ್ರಶ್ನೆ: ವಾರಕ್ಕೆ ಐದಾರು ಸಿನಿಮಾಗಳನ್ನು ಮನೆಯ ಟಿವಿಯಲ್ಲೇ ನೋಡುತ್ತೇನೆ. ವಾರದ ಕೊನೆಗೆ ಎಲ್ಲದರ ಬಗ್ಗೆ ನಾಲ್ಕು ಸಾಲು ಬರೆದಿಡಬೇಕೆಂಬ ಆಸೆ. ಆದರೆ ಬರೆಯಲು ಕೂತರೆ ಒಂದರ ದೃಶ್ಯ ಇನ್ನೊಂದರೊಳಗೆ ಸೇರಿಕೊಳ್ಳುತ್ತದೆ. 'ಚೆನ್ನಾಗಿದೆ', 'ಸ್ವಲ್ಪ ನಿಧಾನ', 'ಕ್ಯಾಮೆರಾ ಕೆಲಸ ಸೂಪರ್' ಬಿಟ್ಟರೆ ಬೇರೇನೂ ಹೊಳೆಯುವುದಿಲ್ಲ. ಈಚಿನ ಚಿತ್ರಗಳಲ್ಲಂತೂ ರಾತ್ರಿಯ ದೃಶ್ಯ ಕಾಣುವುದಿಲ್ಲ, ಮಾತು ಕೇಳಿಸುವುದಿಲ್ಲ. ನೋಡುತ್ತಲೇ ಟಿಪ್ಪಣಿ ಮಾಡಬೇಕೇ? ಅಂಕ ಕೊಡಬೇಕೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ನೀವು ಕಾಣುವುದಿಲ್ಲ, ಕೇಳಿಸುವುದಿಲ್ಲ ಎಂದಿರಲ್ಲ, ಅಲ್ಲಿಂದಲೇ ಶುರು ಮಾಡಬೇಕು. 'ಬರೀ ಕತ್ತಲು', 'ಮಾತು ಅಸ್ಪಷ್ಟ', 'ನಿಧಾನ' – ಮನೆಯಲ್ಲಿ ನೋಡಿದ ಚಿತ್ರಗಳ ಬಗ್ಗೆ ಬರೆಯುವವರು ಮತ್ತೆ ಮತ್ತೆ ಹೇಳುವ ದೂರುಗಳು ಇವೇ ಮೂರು. ಮೂರೂ ಚಿತ್ರದ ದೋಷವೇ ಆಗಿರಬಹುದು. ಹಾಗೆಯೇ ಮೊದಲನೆಯದು ಟಿವಿಯ ಸೆಟ್ಟಿಂಗ್‌ನಿಂದ, ಎರಡನೆಯದು ಸ್ಪೀಕರ್‌ನಿಂದ, ಮೂರನೆಯದು ರಾತ್ರಿ ಹನ್ನೊಂದರ ತೂಕಡಿಕೆಯಿಂದ ಬಂದಿರಲೂಬಹುದು. ಇವನ್ನು ಬೇರೆ ಮಾಡದೆ ಬರೆದ ಅನಿಸಿಕೆ ಚಿತ್ರ ಮಾಡಿದವರಿಗೂ ಅನ್ಯಾಯ, ಓದುವವರಿಗೂ ನಿರುಪಯೋಗಿ. ಆದ್ದರಿಂದ ಬರೆಯುವ ಮೊದಲು ಕೋಣೆ ಸರಿಯಾಗಲಿ. ಒಮ್ಮೆ ಮಾಡಿದರೆ ಮುಗಿಯಿತು, ಹೆಚ್ಚೆಂದರೆ ಒಂದು ಗಂಟೆಯ ಕೆಲಸ.

ಹೊಸ ಟಿವಿಗಳು ಸಾಮಾನ್ಯವಾಗಿ 'ಸ್ಟ್ಯಾಂಡರ್ಡ್' ಇಲ್ಲವೇ 'ವಿವಿಡ್' ಮೋಡ್‌ನಲ್ಲಿ ಇರುತ್ತವೆ. ಅಂಗಡಿಯ ಪ್ರಖರ ಬೆಳಕಿನಲ್ಲಿ ಎದ್ದು ಕಾಣಲೆಂದು ಬಿಳಿಯನ್ನು ನೀಲಿಯ ಕಡೆಗೆ ಎಳೆದು, ಬಣ್ಣಗಳನ್ನು ಉಬ್ಬಿಸಿ, ಅಂಚುಗಳನ್ನು ಕೆತ್ತಿದಂತೆ ಮಾಡಿರುತ್ತಾರೆ. ಇದನ್ನು 'ಸಿನಿಮಾ', 'ಮೂವಿ' ಅಥವಾ 'ಫಿಲ್ಮ್‌ಮೇಕರ್ ಮೋಡ್'ಗೆ ಬದಲಿಸಿ. ಈ ಫಿಲ್ಮ್‌ಮೇಕರ್ ಮೋಡ್ ಅನ್ನು 2019ರಲ್ಲಿ ಟಿವಿ ತಯಾರಕರ ಮತ್ತು ಚಿತ್ರ ಸ್ಟುಡಿಯೊಗಳ ಒಕ್ಕೂಟವಾದ ಯುಎಚ್‌ಡಿ ಅಲಯನ್ಸ್ ಪ್ರಕಟಿಸಿತು. ಒಂದೇ ಆಯ್ಕೆಯಲ್ಲಿ ಅನಗತ್ಯ ಸಂಸ್ಕರಣೆಗಳೆಲ್ಲ ಆಫ್ ಆಗಲಿ ಎಂಬುದೇ ಅದರ ಉದ್ದೇಶ. ಬದಲಿಸಿದ ಕೂಡಲೇ ಪರದೆ ಹಳದಿ ಬಳಿದ ಹಾಗೆ ಕಾಣುತ್ತದೆ. ಟಿವಿ ಕೆಟ್ಟಿದೆ ಎಂದು ಹಳೆಯ ಮೋಡ್‌ಗೆ ಮರಳುವವರು ಬಹಳ ಮಂದಿ. ಮರಳಬೇಡಿ. ಚಿತ್ರಗಳ ಬಣ್ಣ ಹೊಂದಿಸುವ ಸ್ಟುಡಿಯೊಗಳಲ್ಲಿ ಬಿಳಿಯೆಂದರೆ ಸುಮಾರು 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಏರಿದಷ್ಟೂ ಬಿಳಿ ನೀಲಿಯ ಕಡೆಗೆ). ಈ ಮೋಡ್ ಕೊಡುವುದು ಅದಕ್ಕೆ ಹತ್ತಿರದ ಬಿಳಿಯನ್ನೇ. ಎರಡು ಮೂರು ಚಿತ್ರ ನೋಡುವಷ್ಟರಲ್ಲಿ ಕಣ್ಣು ಒಗ್ಗಿಕೊಳ್ಳುತ್ತದೆ. 'ಬಣ್ಣ ಸಂಯೋಜನೆ ಕಣ್ಣಿಗೆ ಹೊಡೆಯುತ್ತದೆ' ಎಂದು ಬರೆಯುವ ಮುನ್ನ ಇದಿಷ್ಟು ಆಗಿರಬೇಕು.

ಇದಕ್ಕಿಂತ ದೊಡ್ಡ ಹಾನಿ ಮಾಡುವುದು ಮೋಷನ್ ಸೆಟ್ಟಿಂಗ್. ಮಾತಿನ ಚಿತ್ರಗಳು ಬಂದ 1920ರ ದಶಕದ ಕೊನೆಯಿಂದ ಸಿನಿಮಾಕ್ಕೆ ಸೆಕೆಂಡಿಗೆ 24 ಫ್ರೇಮ್ ಎಂಬುದು ರೂಢಿ. ಟಿವಿ ಪರದೆ ಸೆಕೆಂಡಿಗೆ 50, 60 ಅಥವಾ 120 ಸಲ ಹೊಸದಾಗುತ್ತದೆ. ಆ ಅಂತರ ತುಂಬಲು ಟಿವಿ ಎರಡು ನಿಜವಾದ ಫ್ರೇಮ್‌ಗಳ ನಡುವೆ ತಾನೇ ಊಹಿಸಿದ ಫ್ರೇಮ್‌ಗಳನ್ನು ಸೇರಿಸುತ್ತದೆ. ಆಗ ಕೋಟಿಗಟ್ಟಲೆ ಹಣ ಹಾಕಿ ತೆಗೆದ ದೃಶ್ಯವೂ ಸ್ಟುಡಿಯೊ ಸೆಟ್ಟಿನಲ್ಲಿ ತೆಗೆದ ಧಾರಾವಾಹಿಯಂತೆ ನುಣ್ಣಗೆ ಹರಿಯುತ್ತದೆ. ನಟನೆ ಕೃತಕ, ಸೆಟ್ ಅಗ್ಗದ್ದು ಎನ್ನಿಸುತ್ತದೆ. ಗುರುತು ಹಿಡಿಯುವುದು ಸುಲಭ: ಯಾರಾದರೂ ಕೈ ಬೀಸಿದಾಗ ಆ ಕೈಯ ಸುತ್ತ ಹಿನ್ನೆಲೆ ನೀರಿನಂತೆ ಅಲುಗಾಡಿದರೆ ಈ ಸೆಟ್ಟಿಂಗ್ ಆನ್ ಇದೆ ಎಂದೇ ಅರ್ಥ. ಎಲ್‌ಜಿಯಲ್ಲಿ ಇದಕ್ಕೆ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಆಟೊ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲಾರಿಟಿ ಎಂಬ ಹೆಸರು. ಪೂರ್ತಿ ಆಫ್ ಮಾಡಿ. 2018ರಲ್ಲಿ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೊಫರ್ ಮ್ಯಾಕ್‌ಕ್ವಾರಿ ಇದನ್ನೇ ವಿಡಿಯೊ ಮಾಡಿ ಪ್ರೇಕ್ಷಕರನ್ನು ಕೇಳಿಕೊಂಡಿದ್ದರು.

ಆಫ್ ಮಾಡಿದ ಮೇಲೆ ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಸರಿಯುವ ಶಾಟ್‌ಗಳು ಸ್ವಲ್ಪ ಕುಕ್ಕಿದ ಹಾಗೆ ಕಂಡರೆ ಅದಕ್ಕೂ ಕಾರಣವಿದೆ. 24 ಫ್ರೇಮ್‌ಗಳನ್ನು 60ರಲ್ಲಿ ಹಂಚಲು ಒಂದು ಫ್ರೇಮ್ ಮೂರು ಸಲ, ಮುಂದಿನದು ಎರಡು ಸಲ ತೋರಿಸಬೇಕಾಗುತ್ತದೆ. ಈ ಏರುಪೇರೇ ಕುಕ್ಕು. ಟಿವಿಗೆ ಸಿಕ್ಕಿಸಿದ ಸ್ಟ್ರೀಮಿಂಗ್ ಸ್ಟಿಕ್ ಅಥವಾ ಬಾಕ್ಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 'ಮ್ಯಾಚ್ ಫ್ರೇಮ್ ರೇಟ್' ಇದ್ದರೆ ಆನ್ ಮಾಡಿ, ಬಹುಪಾಲು ಹೋಗುತ್ತದೆ.

ಇನ್ನು ಕತ್ತಲು. ಮೊದಲು 'ಪವರ್ ಸೇವಿಂಗ್', 'ಇಕೊ', ಕೋಣೆಯ ಬೆಳಕಿಗೆ ತಕ್ಕಂತೆ ಪರದೆಯನ್ನು ಮಂಕು ಮಾಡುವ ಸೆನ್ಸರ್ – ಇವನ್ನೆಲ್ಲ ಆಫ್ ಮಾಡಿ. ಆಮೇಲೆ ಮೇಲೆ ಕೆಳಗೆ ಕಪ್ಪು ಪಟ್ಟಿ ಇರುವ ಯಾವುದಾದರೂ ಚಿತ್ರದ ರಾತ್ರಿ ದೃಶ್ಯದಲ್ಲಿ ಚಿತ್ರವನ್ನು ತಡೆದು ನಿಲ್ಲಿಸಿ, ಕೋಣೆಯ ದೀಪ ಆರಿಸಿ, ಕಪ್ಪಿನ ಮಟ್ಟ ಹೊಂದಿಸಿ. ಕೆಲವು ಟಿವಿಗಳಲ್ಲಿ ಇದನ್ನು 'ಬ್ರೈಟ್‌ನೆಸ್' ಎನ್ನುತ್ತಾರೆ, ಕೆಲವದರಲ್ಲಿ 'ಬ್ಲ್ಯಾಕ್ ಲೆವೆಲ್'. ಆ ಕಪ್ಪು ಪಟ್ಟಿ ಬೂದು ಬಣ್ಣಕ್ಕೆ ತಿರುಗುವವರೆಗೆ ಏರಿಸಿ, ಮತ್ತೆ ಕಪ್ಪಾಗುವವರೆಗೆ ಒಂದೊಂದೇ ಹೆಜ್ಜೆ ಇಳಿಸಿ. ಪಟ್ಟಿ ಕಪ್ಪಾಗಿಯೇ ಉಳಿದು, ಕಪ್ಪು ಕೋಟಿನ ಮಡಿಕೆಗಳು ಕಾಣುವ ಜಾಗದಲ್ಲಿ ನಿಲ್ಲಿಸಿ. ಕಪ್ಪಿನ ಮಟ್ಟವನ್ನು ಅತಿಯಾಗಿ ಏರಿಸಿದರೆ ಕತ್ತಲಿನ ದೃಶ್ಯ ಕಾಣುತ್ತದೆ ನಿಜ, ಆದರೆ ಹೊಗೆ ಕವಿದ ಹಾಗೆ. ಬರೀ ಬೆಳಕು ಸಾಲದಿದ್ದರೆ ಏರಿಸಬೇಕಾದದ್ದು ಬ್ಯಾಕ್‌ಲೈಟ್, ಅಥವಾ ಒಎಲ್‌ಇಡಿ ಟಿವಿಯಲ್ಲಿ ಪಿಕ್ಸೆಲ್ ಬ್ರೈಟ್‌ನೆಸ್.

ಬೆಳಕು ಕತ್ತಲಿನ ಅಂತರವನ್ನು ಹೆಚ್ಚಿಸಿ ತೋರಿಸುವ ಎಚ್‌ಡಿಆರ್ ಚಿತ್ರಗಳು ಮಾತ್ರ ಕತ್ತಲಾಗಿ ಕಾಣುತ್ತಿದ್ದರೆ ಟಿವಿಯ ಗರಿಷ್ಠ ಬೆಳಕು ಅದಕ್ಕೆ ಸಾಲುತ್ತಿಲ್ಲ ಎಂದು ತಿಳಿಯಿರಿ. ಪ್ಲೇಯರ್‌ನಲ್ಲಿ ಎಚ್‌ಡಿಆರ್ ಆಫ್ ಮಾಡಿ ಮಾಮೂಲಿ ಎಸ್‌ಡಿಆರ್‌ನಲ್ಲಿ ನೋಡಿ. ಸಾಧಾರಣ ಟಿವಿಯಲ್ಲಿ ಅದೇ ಹೆಚ್ಚು ನಿಷ್ಠವಾದ ಚಿತ್ರ. ಹಗಲಿನಲ್ಲಿ ಪರದೆ ಎಳೆಯದ ಕಿಟಕಿಯ ಎದುರು ಕೂತು ನೋಡಿದ್ದರೆ ಆ ಚಿತ್ರದ ಛಾಯಾಗ್ರಹಣದ ಬಗ್ಗೆ ಒಂದು ಮಾತೂ ಬರೆಯದಿರುವುದೇ ಪ್ರಾಮಾಣಿಕತೆ. ಕತ್ತಲ ಗೋಡೆಗಳ ಮೇಲೆ ಚೌಕ ಚೌಕವಾಗಿ, ಆಕಾಶದಲ್ಲಿ ಪಟ್ಟೆ ಪಟ್ಟೆಯಾಗಿ ಕಂಡರೆ ಅದು ವಿಡಿಯೊವನ್ನು ಕಡಿಮೆ ಡೇಟಾಗೆ ಕುಗ್ಗಿಸುವ ಸಂಕೋಚನದ ಕೆಲಸ, ಛಾಯಾಗ್ರಾಹಕರದಲ್ಲ. ನೆಟ್‌ಫ್ಲಿಕ್ಸ್ 1080ಪಿ ಗುಣಮಟ್ಟಕ್ಕೆ 5 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್), 4ಕೆಗೆ 15 ಎಂಬಿಪಿಎಸ್ ವೇಗ ಇರಲಿ ಎನ್ನುತ್ತದೆ. ಬ್ಲೂರೇ ಡಿಸ್ಕ್‌ನಲ್ಲಿ ವಿಡಿಯೊಗೇ 40 ಎಂಬಿಪಿಎಸ್‌ವರೆಗೆ ಅವಕಾಶವಿದೆ, ವ್ಯತ್ಯಾಸ ಅಲ್ಲಿದೆ. ಸ್ಟ್ರೀಮಿಂಗ್‌ನಲ್ಲಿ ಮೊದಲ ಅರ್ಧ ನಿಮಿಷ ಮಸುಕಾಗಿರುವುದು ಸಾಮಾನ್ಯ. ಲಾಂಛನಗಳು ಮುಗಿಯುವವರೆಗೆ ಓಡಲು ಬಿಟ್ಟು, ಚಿತ್ರ ತಿಳಿಯಾದ ಮೇಲೆ ಮತ್ತೆ ಮೊದಲಿಂದ ಹಾಕಿ. ಆರಂಭದ ಶಾಟ್ ಹೆಚ್ಚಾಗಿ ನಿರ್ದೇಶಕರು ಅತಿ ಎಚ್ಚರದಿಂದ ಇಟ್ಟದ್ದು, ಅದು ಮಸುಕಾಗಿ ಹೋಗಬಾರದು.

ಪರದೆಯ ಆಕಾರವನ್ನು ಮುಟ್ಟಲೇಬೇಡಿ. ಕಪ್ಪು ಪಟ್ಟಿ ಹೋಗಲಿ ಎಂದು 'ಝೂಮ್' ಒತ್ತುವ ಅಭ್ಯಾಸ ಇನ್ನೂ ಇದೆ. ಎತ್ತರದ 2.39 ಪಟ್ಟು ಅಗಲವಿರುವ ಚಿತ್ರ 16:9 ಟಿವಿಯ ಎತ್ತರದಲ್ಲಿ ಮುಕ್ಕಾಲು ಪಾಲನ್ನಷ್ಟೇ ತುಂಬುತ್ತದೆ. ಉಳಿದದ್ದನ್ನು ತುಂಬಿಸಲು ಹೋದರೆ ಎರಡೂ ಬದಿಯಿಂದ ಒಟ್ಟು ಕಾಲು ಭಾಗ ಚಿತ್ರ ಕತ್ತರಿಸಿಹೋಗುತ್ತದೆ. ಇಬ್ಬರು ಎದುರುಬದುರಾಗಿ ನಿಂತ ಶಾಟ್‌ನಲ್ಲಿ ಮೂಗುಗಳು ಮಾತ್ರ ಉಳಿದದ್ದನ್ನು ನೋಡಿ ಚೌಕಟ್ಟಿನ ಬಗ್ಗೆ ಬರೆಯುವುದು ಹೇಗೆ? 2014ರ 'ದಿ ಗ್ರ್ಯಾಂಡ್ ಬುಡಾಪೆಸ್ಟ್ ಹೋಟೆಲ್' ಮೂರು ಕಾಲಘಟ್ಟಗಳಿಗೆ 1.37, 1.85, 2.39 ಎಂದು ಮೂರು ಬೇರೆ ಬೇರೆ ಆಕಾರಗಳನ್ನೇ ಬಳಸುತ್ತದೆ. ಝೂಮ್ ಮಾಡಿದವರಿಗೆ ಆ ಕಥನತಂತ್ರ ಇದ್ದದ್ದೇ ಗೊತ್ತಾಗುವುದಿಲ್ಲ. ಕೂರುವ ದೂರಕ್ಕೆ ಒಂದು ಅಳತೆ: ಪರದೆಯ ಕರ್ಣದ 1.6 ಪಟ್ಟು. 43 ಇಂಚಿನ ಟಿವಿಗೆ ಸುಮಾರು 1.75 ಮೀಟರ್, 55 ಇಂಚಿಗೆ ಸುಮಾರು 2.25 ಮೀಟರ್. ದೂರ ಇದರ ಎರಡು ಪಟ್ಟಾದರೆ ದೂರದಿಂದ ತೆಗೆದ ಶಾಟ್‌ಗಳಲ್ಲಿ ಮುಖಭಾವ ಕಾಣುವುದಿಲ್ಲ. ಕ್ಲೋಸಪ್ ಹೆಚ್ಚಿರುವ ಚಿತ್ರಗಳೇ 'ಭಾವುಕ' ಎನ್ನಿಸಿ, ಕ್ಯಾಮೆರಾ ದೂರದಿಂದ ನೋಡುವ ಚಿತ್ರಗಳು 'ತಣ್ಣಗಿವೆ' ಎನ್ನಿಸುತ್ತವೆ.

ಮಾತು ಕೇಳಿಸದಿರುವುದಕ್ಕೆ ಬಹುಪಾಲು ಕಾರಣ ಟಿವಿಯ ಕೆಳಗೋ ಹಿಂದೆಯೋ ಮುಖ ಮಾಡಿರುವ ಪುಟ್ಟ ಸ್ಪೀಕರ್‌ಗಳು. ಥಿಯೇಟರಿನ 5.1 (ಐದು ಚಾನೆಲ್, ಜೊತೆಗೆ ತಗ್ಗಿನ ಸದ್ದಿಗೊಂದು) ಮಿಶ್ರಣದಲ್ಲಿ ಸಂಭಾಷಣೆಗೆ ನಡುವಿನ ಸ್ಪೀಕರ್ ಪ್ರತ್ಯೇಕವಾಗಿರುತ್ತದೆ. ಎರಡೇ ಸ್ಪೀಕರ್ ಇರುವಲ್ಲಿ ಅದನ್ನು ಎಡಬಲಕ್ಕೆ ಹಂಚಿ, ಅದೇ ಕಿರಿದಾದ ಬಾಯಿಯಿಂದ ಸಂಗೀತವನ್ನೂ ಸ್ಫೋಟವನ್ನೂ ಹೊರಡಿಸಬೇಕು. ಮಾತು ಮುಳುಗುತ್ತದೆ. ಆಡಿಯೊ ಮೆನುವಿನಲ್ಲಿ 5.1ರ ಬದಲು ಸ್ಟೀರಿಯೊ ಟ್ರ್ಯಾಕ್ ಇದ್ದರೆ ಅದನ್ನೇ ಹಾಕಿ. 'ವರ್ಚುವಲ್ ಸರೌಂಡ್' ಆಫ್ ಮಾಡಿ. ಸೌಂಡ್‌ಬಾರ್ ಕೊಳ್ಳುವುದಾದರೆ ನಡುವಿನ ಚಾನೆಲ್ ಇರುವುದನ್ನೇ ನೋಡಿ, ಅಂದರೆ ಕನಿಷ್ಠ 3.0 ಅಥವಾ 3.1. ತೊಂದರೆ ಬೇಡವೆಂದರೆ ತಂತಿಯ ಹೆಡ್‌ಫೋನ್ ಸಾಕು, ಪಿಸುಮಾತೂ ಕೇಳಿಸುತ್ತದೆ. ಬ್ಲೂಟೂತ್ ಆದರೆ ತುಟಿ ಮತ್ತು ಮಾತು ಹೊಂದುತ್ತವೆಯೇ ನೋಡಿಕೊಳ್ಳಿ. ಸದ್ದು 125 ಮಿಲಿಸೆಕೆಂಡ್‌ಗಿಂತ ಹಿಂದೆ ಬಿದ್ದರೆ, ಅಥವಾ 45 ಮಿಲಿಸೆಕೆಂಡ್ ಮುಂಚೆಯೇ ಬಂದರೆ ನೋಡುವವರಿಗೆ ಗೊತ್ತಾಗಲು ಶುರುವಾಗುತ್ತದೆ. ಕಾರಣ ತಿಳಿಯದಿದ್ದರೂ ನಟ ಏಕೋ ಸಹಜವಾಗಿಲ್ಲ ಎನ್ನಿಸುತ್ತದೆ.

'ನೈಟ್ ಮೋಡ್' ಮೆಲ್ಲಗಿನ ಸದ್ದನ್ನು ಏರಿಸಿ ಜೋರಿನದನ್ನು ತಗ್ಗಿಸುತ್ತದೆ. ಮಾತು ಕೇಳಿಸುವುದಕ್ಕೆ ಒಳ್ಳೆಯದೇ. ಆದರೆ ಮೌನ ಮತ್ತು ಆರ್ಭಟದ ನಡುವಿನ ಅಂತರವೇ ಅಳಿಸಿಹೋಗುವುದರಿಂದ ಹಾಗೆ ನೋಡಿದ ಚಿತ್ರದ ಧ್ವನಿವಿನ್ಯಾಸದ ಬಗ್ಗೆ ತೀರ್ಪು ಕೊಡಬಾರದು. ಸಬ್‌ಟೈಟಲ್‌ಗೂ ಹೀಗೊಂದು ಬೆಲೆ ಇದೆ: ಕಣ್ಣು ಪದೇ ಪದೇ ಕೆಳಗಿಳಿಯುತ್ತದೆ, ಚೌಕಟ್ಟಿನ ಮೇಲ್ಭಾಗ, ಅಂಚು, ಕೇಳಿಸಿಕೊಳ್ಳುತ್ತಿರುವವರ ಮುಖ ತಪ್ಪಿಹೋಗುತ್ತವೆ. ಗೊತ್ತಿಲ್ಲದ ಭಾಷೆಯ ಚಿತ್ರವಾದರೆ ಮುಗಿದ ಮೇಲೆ ನಿಮಗೆ ಮುಖ್ಯವೆನಿಸಿದ ಒಂದೇ ದೃಶ್ಯವನ್ನು ಸಬ್‌ಟೈಟಲ್ ತೆಗೆದು ಮತ್ತೊಮ್ಮೆ ನೋಡಿ. ಎರಡು ಮೂರು ನಿಮಿಷದ ಕೆಲಸ, ಆದರೆ ಬರೆಯಲು ಬೇಕಾದದ್ದು ಅನೇಕ ಸಲ ಅಲ್ಲೇ ಸಿಗುತ್ತದೆ.

ನೀವು ನೋಡಿದ್ದು ಯಾವ ಆವೃತ್ತಿ ಎಂಬುದನ್ನೂ ಬರೆದಿಡಬೇಕು. ಚಿತ್ರದ ಅವಧಿ ಎಷ್ಟು, ನಿಮ್ಮ ಪ್ಲೇಯರ್ ತೋರಿಸಿದ್ದು ಎಷ್ಟು ಎಂದು ಹೋಲಿಸಿ. 120 ನಿಮಿಷದ ಚಿತ್ರ 115 ಎಂದು ತೋರಿಸಿದರೆ ಕತ್ತರಿ ಹಾಕಿದ್ದಾರೆಂದು ತೀರ್ಮಾನಿಸಬೇಡಿ. ಸೆಕೆಂಡಿಗೆ 25 ಫ್ರೇಮ್‌ನ ಟಿವಿ ಪದ್ಧತಿಗಾಗಿ ಶೇ 4ರಷ್ಟು ವೇಗ ಹೆಚ್ಚಿಸಿದ ಪ್ರತಿ ಅದಾಗಿರಬಹುದು. ಹತ್ತು ಹದಿನೈದು ನಿಮಿಷ ಕಡಿಮೆ ಇದ್ದರೆ ಮಾತ್ರ ಬೇರೆ ಆವೃತ್ತಿ ಎಂದು ಅನುಮಾನಿಸಿ. ಆವೃತ್ತಿ ಬದಲಾದರೆ ಅನಿಸಿಕೆಯೇ ಬದಲಾಗುತ್ತದೆ: 'ಬ್ಲೇಡ್ ರನ್ನರ್' 1982ರಲ್ಲಿ ಬಿಡುಗಡೆಯಾದಾಗ ನಾಯಕನ ನಿರೂಪಣೆಯ ಧ್ವನಿ ಇತ್ತು, 1992 ಮತ್ತು 2007ರ ಆವೃತ್ತಿಗಳಲ್ಲಿ ಅದಿಲ್ಲ. ಒಬ್ಬರು 'ಎಲ್ಲವನ್ನೂ ಬಿಡಿಸಿ ಹೇಳುತ್ತದೆ' ಎಂದೂ ಇನ್ನೊಬ್ಬರು 'ಏನನ್ನೂ ಹೇಳುವುದಿಲ್ಲ' ಎಂದೂ ಬರೆದರೆ ಇಬ್ಬರೂ ಸರಿಯಿರಬಹುದು. ಡಬ್ ಆದ ಪ್ರತಿ ನೋಡಿದ್ದರೆ ಹಾಗೆಂದು ತಪ್ಪದೆ ಬರೆಯಿರಿ. ಅಲ್ಲಿ ನೀವು ಕೇಳಿದ್ದು ಬೇರೆಯವರ ಕಂಠ, ಆ ನಟರ ಅಭಿನಯದಲ್ಲಿ ಅರ್ಧ ಮಾತ್ರ ನಿಮಗೆ ಸಿಕ್ಕಿದೆ.

ಕೋಣೆಯ ವಿಷಯ ಇಲ್ಲಿಗೆ ಸಾಕು. ಇನ್ನು ಒಂದರ ದೃಶ್ಯ ಇನ್ನೊಂದಕ್ಕೆ ಬೆರೆಯುವ ತೊಂದರೆ.

ನೆನಪಿನಲ್ಲಿ ಕಲಬೆರಕೆ ಆಗುವುದು ಒಂದೇ ಬಗೆಯ ಸಂಗತಿಗಳು ಒಂದರ ಹಿಂದೆ ಒಂದು ಬಂದಾಗ. ಸತತ ಮೂರು ರಾತ್ರಿ ಮೂರು ಕೊಲೆ ತನಿಖೆಗಳನ್ನು ನೋಡಿದರೆ ನಾಲ್ಕನೇ ದಿನ ಯಾವ ಪೊಲೀಸ್ ಯಾವ ಚಿತ್ರದವನು ಎಂಬುದೇ ಮರೆಯುತ್ತದೆ. ಹಾಗಾಗಿ ವಾರದ ಪಟ್ಟಿ ಮಾಡುವಾಗ ಪಕ್ಕಪಕ್ಕದ ಚಿತ್ರಗಳು ಭಾಷೆ, ಕಾಲ, ಬಗೆ – ಈ ಮೂರರಲ್ಲಿ ಎರಡರಲ್ಲಾದರೂ ಬೇರೆಯಾಗಿರಲಿ. ಒಬ್ಬರೇ ನಿರ್ದೇಶಕರ ಚಿತ್ರಗಳನ್ನು ಸಾಲಾಗಿ ನೋಡುವುದಾದರೆ ಅದು ಬೇರೆ ಅಭ್ಯಾಸ, ಅಲ್ಲಿ ಹೋಲಿಕೆಯೇ ಉದ್ದೇಶ. ವಾರಕ್ಕೆ ಐದಾರು ಎಂದಿದ್ದೀರಿ. ಬರೆಯುವ ಉದ್ದೇಶ ಇದ್ದರೆ ನಾಲ್ಕು ಸಾಕು, ಉಳಿದ ಸಂಜೆಗಳಲ್ಲಿ ನೋಡಿದ್ದರ ಕೆಲವು ದೃಶ್ಯಗಳಿಗೆ ಮರಳಿ. ಎಷ್ಟು ಚಿತ್ರ ಮುಗಿಸಿದೆವು ಎಂಬ ಲೆಕ್ಕ ಅನಿಸಿಕೆಗೆ ಏನನ್ನೂ ಸೇರಿಸುವುದಿಲ್ಲ.

ನಿದ್ದೆಯ ಲೆಕ್ಕವನ್ನು ಮೊದಲೇ ಹಾಕಿ. ಎರಡೂವರೆ ಗಂಟೆಯ ಚಿತ್ರಕ್ಕೆ ನಡುವಿನ ವಿರಾಮ, ಕೊನೆಯ ಟಿಪ್ಪಣಿ ಎಲ್ಲ ಸೇರಿ ಮೂರು ಗಂಟೆ ಬೇಕು. ಹತ್ತು ಗಂಟೆಗೆ ಶುರು ಮಾಡಿದರೆ ಕೊನೆಯ ನಲವತ್ತು ನಿಮಿಷವನ್ನು ಯಾರೂ ನೆಟ್ಟಗೆ ನೋಡಲಾರರು. ಉದ್ದದ, ನಿಧಾನ ನಡಿಗೆಯ ಚಿತ್ರವನ್ನು ರಜಾ ದಿನದ ಸಂಜೆ ಬೇಗ ಹಾಕಿ, ತೊಂಬತ್ತು ನಿಮಿಷದ್ದನ್ನು ಕೆಲಸದ ದಿನಕ್ಕೆ ಇಟ್ಟುಕೊಳ್ಳಿ. ತೂಕಡಿಸಿದರೆ ಅಲ್ಲಿಗೇ ನಿಲ್ಲಿಸಿ. ಮರುದಿನ ಮುಂದುವರಿಸುವಾಗ ಪ್ಲೇಯರ್ ನಿಂತ ಜಾಗದಿಂದ ಹೋಗಬೇಡಿ, ನಿಮಗೆ ಗಟ್ಟಿಯಾಗಿ ನೆನಪಿರುವ ಕೊನೆಯ ದೃಶ್ಯಕ್ಕೆ ಹಿಂದಕ್ಕೆ ಹೋಗಿ. ನಿದ್ದೆ ಹತ್ತುವ ಮುಂಚಿನ ಕೆಲವು ನಿಮಿಷಗಳು ಕಣ್ಣಿಗೆ ಬಿದ್ದಿದ್ದರೂ ಮನಸ್ಸಿನಲ್ಲಿ ಉಳಿದಿರುವುದಿಲ್ಲ. 'ಕಥೆಯಲ್ಲಿ ಕೊಂಡಿ ತಪ್ಪಿದೆ' ಎಂಬ ಎಷ್ಟೋ ದೂರುಗಳ ಮೂಲ ಇದೇ. ನಡುವೆ ತಡೆದು ನಿಲ್ಲಿಸಲೇಬೇಕಾದರೆ ಜಾಗ ಅಥವಾ ಹೊತ್ತು ಬದಲಾಗುವ ಕಡೆ ಮಾಡಿ, ಮಾತಿನ ನಡುವೆ ಬೇಡ. ಮಧ್ಯಂತರ ಇಟ್ಟುಕೊಂಡೇ ಕಟ್ಟಿದ ಚಿತ್ರವಾದರೆ ಅಲ್ಲಿಯೇ ಏಳಿ.

ನೋಡುತ್ತಲೇ ಬರೆಯಬೇಕೇ ಎಂಬ ಪ್ರಶ್ನೆಗೆ ಉತ್ತರ: ವಾಕ್ಯ ಬೇಡ, ಗುರುತು ಸಾಕು. ವಾಕ್ಯ ಕಟ್ಟುವ ಹತ್ತು ಸೆಕೆಂಡಿನಲ್ಲಿ ಎರಡು ಮೂರು ಶಾಟ್ ಹೋಗಿಬಿಡುತ್ತವೆ. ಮೊಬೈಲ್ ಬೇಡ, ಅದರ ಬೆಳಕಿಗೆ ಕಣ್ಣಿನ ಕತ್ತಲ ಹೊಂದಾಣಿಕೆ ಕೆಡುತ್ತದೆ, ಮೇಲಾಗಿ ಮೆಸೇಜು ಕರೆಯುತ್ತದೆ. ಒಂದು ಹಾಳೆ, ಪೆನ್ಸಿಲ್. ನಿಮಿಷದ ಸಂಖ್ಯೆ, ಪಕ್ಕದಲ್ಲಿ ಎರಡು ಮೂರು ಪದ. ಇಡೀ ಚಿತ್ರಕ್ಕೆ ಎಂಟು ಹತ್ತು ಗುರುತು ಮೀರದಿರಲಿ, ಮೀರಿದರೆ ನೀವು ಚಿತ್ರ ನೋಡುತ್ತಿಲ್ಲ, ಹಾಳೆ ತುಂಬಿಸುತ್ತಿದ್ದೀರಿ. ಏನನ್ನು ಗುರುತಿಸಬೇಕು? ಕಣ್ಣು ತಾನಾಗಿ ಅಗಲವಾದದ್ದು, ಗಡಿಯಾರ ನೋಡಬೇಕೆನಿಸಿದ್ದು, ಅರ್ಥವಾಗದ್ದು. ಕಥೆಯ ಸಾರಾಂಶ ಬರೆಯುವುದು ವ್ಯರ್ಥ, ಅದು ಎಲ್ಲಿ ಬೇಕಾದರೂ ಸಿಗುತ್ತದೆ.

ಚಿತ್ರ ಮುಗಿದ ಮೇಲಿನ ಹತ್ತು ನಿಮಿಷ ಬಹಳ ಬೆಲೆಯದ್ದು. ಮುಂದಿನ ಚಿತ್ರ ತಾನಾಗಿ ಶುರುವಾಗುವ 'ಆಟೊಪ್ಲೇ' ಆಫ್ ಆಗಿರಲಿ. ಹೆಸರುಗಳ ಪಟ್ಟಿ ಮೇಲೇರುತ್ತಿರುವಾಗಲೇ, ಯಾರ ವಿಮರ್ಶೆಯನ್ನೂ ರೇಟಿಂಗನ್ನೂ ನೋಡುವ ಮುನ್ನ ಬರೆಯಿರಿ: ಮೊದಲು ಮನಸ್ಸಿಗೆ ಮರಳಿ ಬಂದ ದೃಶ್ಯ, ಕೇಳಿದ ಒಂದು ಸದ್ದು, ಬೇಸರ ಬಂದ ನಿಮಿಷ, ಉತ್ತರ ಸಿಗದ ಒಂದು ಪ್ರಶ್ನೆ. ಜೊತೆಗೆ ನೋಡಿದ ಸ್ಥಿತಿ, 'ಹೆಡ್‌ಫೋನ್, ಒಂದೇ ಕೂರುವಿಕೆ' ಅಥವಾ 'ಎರಡು ದಿನ, ಡಬ್' ಎಂಬಷ್ಟೇ. ಬೇರೆಯವರ ವಿಮರ್ಶೆಯನ್ನು ಮೊದಲು ಓದಿದರೆ ನಿಮ್ಮ ಅಸ್ಪಷ್ಟ ಅನಿಸಿಕೆಗಳಿಗೆ ಅವರ ಸಿದ್ಧ ಮಾತುಗಳು ಅಂಟಿಕೊಂಡುಬಿಡುತ್ತವೆ. ಮರುದಿನ ಬೆಳಗ್ಗೆ ಅದೇ ಹಾಳೆಯ ಕೆಳಗೆ ಇನ್ನೆರಡು ಸಾಲು: ಈಗ ಏನು ಉಳಿದಿದೆ? 1885ರಲ್ಲೇ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ ತೋರಿಸಿದಂತೆ ಮರೆವು ಮೊದಲ ದಿನವೇ ಅತಿ ವೇಗವಾಗಿ ನಡೆಯುತ್ತದೆ. ಆ ದಿನ ದಾಟಿ ಉಳಿದದ್ದಕ್ಕೂ ರಾತ್ರಿ ಬರೆದದ್ದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿ. ರಾತ್ರಿ 'ಅದ್ಭುತ' ಎಂದ ಹೋರಾಟದ ದೃಶ್ಯ ಬೆಳಗ್ಗೆ ಇರುವುದಿಲ್ಲ, ರಾತ್ರಿ ಗಮನಿಸದೇ ಬಿಟ್ಟ ಒಂದು ಖಾಲಿ ಕುರ್ಚಿ ಇರುತ್ತದೆ. ಬರೆಯಬೇಕಾದದ್ದು ಹೆಚ್ಚಾಗಿ ಆ ಕುರ್ಚಿಯ ಬಗ್ಗೆ.

ಬರವಣಿಗೆಗೆ ಬರೋಣ. ಒಂದು ಚಿತ್ರವನ್ನು ಕಲ್ಪಿಸಿಕೊಳ್ಳಿ: ಮಗ ತಾಯಿಗೆ ಮನೆ ಮಾರುವ ವಿಷಯ ತಿಳಿಸುತ್ತಿದ್ದಾನೆ. ನಿಮ್ಮ ಹಾಳೆಯಲ್ಲಿ ಇರುವುದು ಇಷ್ಟು: '47 – ಬೆನ್ನು, ಚಿಲಕ, ಫ್ಯಾನ್ ಇಲ್ಲ'. ಇದರಿಂದ ಸಾಮಾನ್ಯವಾಗಿ ಹೊರಡುವ ಅನಿಸಿಕೆ ಹೀಗಿರುತ್ತದೆ: 'ತಾಯಿ ಮಗನ ದೃಶ್ಯ ಮನಮುಟ್ಟುತ್ತದೆ. ಕ್ಯಾಮೆರಾ ಮತ್ತು ಹಿನ್ನೆಲೆ ಸದ್ದು ಅದ್ಭುತ.' ಇದನ್ನು ಯಾವ ಚಿತ್ರಕ್ಕೆ ಬೇಕಾದರೂ ಅಂಟಿಸಬಹುದು. ಅದೇ ಗುರುತಿನಿಂದ ಇದನ್ನೂ ಬರೆಯಬಹುದು: 'ಮನೆ ಮಾರುವ ಮಾತು ಬಂದಾಗ ಕ್ಯಾಮೆರಾ ತಾಯಿಯ ಬೆನ್ನಿನ ಮೇಲಿದೆ. ಮಗ ಲೆಕ್ಕ ಹೇಳುತ್ತ ಹೋಗುತ್ತಾನೆ, ಆಕೆ ಕಿಟಕಿಯ ಚಿಲಕವನ್ನು ಹಾಕಿ ತೆಗೆದು ಮಾಡುತ್ತಿರುತ್ತಾಳೆ. ಆ ಮನೆಯ ಎಲ್ಲ ದೃಶ್ಯಗಳಲ್ಲೂ ಕೇಳುತ್ತಿದ್ದ ಫ್ಯಾನಿನ ಸದ್ದು ಇಲ್ಲಿ ಇಲ್ಲ. ಆಕೆ ಒಪ್ಪಿದಳೋ ಇಲ್ಲವೋ ಎಂಬುದು ಮಗನಿಗೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ. ಮುಂದಿನ ಅರ್ಧ ಗಂಟೆ ನಮ್ಮನ್ನು ಹಿಡಿದು ಕೂರಿಸುವುದು ಆ ಅನುಮಾನವೇ.' ಇಲ್ಲಿ ಒಂದೂ ಹೊಗಳಿಕೆಯ ಪದವಿಲ್ಲ. ಆದರೂ ಬರೆದವರಿಗೆ ದೃಶ್ಯ ಹಿಡಿಸಿದೆ, ಯಾಕೆ ಹಿಡಿಸಿದೆ ಎಂಬುದು ಓದಿದವರಿಗೆ ಗೊತ್ತಾಗುತ್ತದೆ. ಕೊನೆಯ ವಾಕ್ಯವನ್ನು ಗಮನಿಸಿ, ಕಂಡದ್ದರಿಂದ ಚಿತ್ರದ ಕೆಲಸಕ್ಕೆ ಅದು ದಾರಿ ಮಾಡುತ್ತದೆ. ಅದಿಲ್ಲದೆ ವಿವರಗಳನ್ನಷ್ಟೇ ಪೇರಿಸಿದರೂ ಅನಿಸಿಕೆ ಆಗುವುದಿಲ್ಲ.

'ಕ್ಯಾಮೆರಾ ಕೆಲಸ ಸೂಪರ್' ಎಂದು ಬರೆಯಲು ಕೈ ಹೋದಾಗ ನಿಮ್ಮನ್ನೇ ಕೇಳಿಕೊಳ್ಳಿ: ಬೆಳಕು ಯಾವ ಕಡೆಯಿಂದ ಬಂತು? ಕ್ಯಾಮೆರಾ ಯಾರ ಕಣ್ಣಿನ ಎತ್ತರದಲ್ಲಿತ್ತು? ಯಾರನ್ನು ಚೌಕಟ್ಟಿನ ಹೊರಗಿಟ್ಟರು? ಒಂದಕ್ಕೂ ಉತ್ತರ ಬರದಿದ್ದರೆ ನೀವು ಮೆಚ್ಚಿದ್ದು ಬೆಟ್ಟವನ್ನೋ ಕಡಲನ್ನೋ ಇರಬೇಕು, ಛಾಯಾಗ್ರಹಣವನ್ನಲ್ಲ. ನಟನೆಯ ಬಗ್ಗೆ ಬರೆಯುವಾಗ ಮಾತಾಡುತ್ತಿರುವವರಿಗಿಂತ ಕೇಳಿಸಿಕೊಳ್ಳುತ್ತಿರುವವರನ್ನು ನೋಡಿ. ಮಾತು ಚಿತ್ರಕಥೆಯವರು ಕೊಟ್ಟದ್ದು, ಕೇಳಿಸಿಕೊಳ್ಳುವ ರೀತಿ ನಟರು ತಂದದ್ದು. ಸಂಗೀತದ ಬಗ್ಗೆಯಾದರೆ ಯಾವಾಗ ಶುರುವಾಯಿತು, ಯಾವಾಗ ನಿಂತಿತು ಎಂಬುದೇ ಮುಖ್ಯ. ದುಃಖದ ಸುದ್ದಿ ತಿಳಿಯುವ ಮೊದಲೇ ಪಿಟೀಲು ಅಳಲು ಶುರುವಿಟ್ಟರೆ ನಿರ್ದೇಶಕರಿಗೆ ದೃಶ್ಯದ ಮೇಲೆ ನಂಬಿಕೆ ಇರಲಿಲ್ಲ ಎಂದು ಧೈರ್ಯವಾಗಿ ಬರೆಯಬಹುದು.

'ನಿಧಾನ' ಎಂಬ ದೂರಿಗೆ ಸ್ವಲ್ಪ ಹೆಚ್ಚು ಶ್ರಮ ಹಾಕಿ, ಅತಿ ಹೆಚ್ಚು ಅನ್ಯಾಯ ನಡೆಯುವುದು ಇದರಲ್ಲೇ. ಗಡಿಯಾರ ನೋಡಿದ ನಿಮಿಷ ನಿಮ್ಮ ಹಾಳೆಯಲ್ಲಿ ಇದೆ. ಅದಕ್ಕಿಂತ ಮೂರು ನಿಮಿಷ ಹಿಂದಕ್ಕೆ ಹೋಗಿ ಮರುದಿನ ಮತ್ತೆ ನೋಡಿ. ಆಗಲೇ ಗೊತ್ತಾದ ಸಂಗತಿಯನ್ನು ಇನ್ನೊಂದು ಪಾತ್ರಕ್ಕೆ ಹೇಳುವ ದೃಶ್ಯವಾಗಿದ್ದರೆ ಅದು ಪುನರಾವರ್ತನೆ, ಚಿತ್ರಕಥೆಯ ದೋಷ. ಪಾತ್ರಕ್ಕೆ ಬೇಕಾದದ್ದು ಸಿಕ್ಕ ಮೇಲೂ ದೃಶ್ಯ ಮುಗಿಯದೆ ಎಳೆದರೆ ಸಂಕಲನದ ದೋಷ. ಏನೂ ಪುನರಾವರ್ತನೆ ಇಲ್ಲ, ಶಾಟ್ ಮಾತ್ರ ದೀರ್ಘವಾಗಿದೆ ಎಂದಾದರೆ ಆ ದೀರ್ಘತೆಯಲ್ಲಿ ಏನಾದರೂ ಬದಲಾಗುತ್ತಿದೆಯೇ ಹುಡುಕಿ: ಬೆಳಕು, ಮುಖ, ಹಿನ್ನೆಲೆಯ ಯಾರೋ. ಎರಡನೇ ಸಲ ಅದು ಕಂಡರೆ ಮೊದಲ ಸಲ ನಿಧಾನವಾಗಿದ್ದದ್ದು ನೀವು. ಅಳತೆ ಬೇಕಾದರೆ ಹತ್ತು ನಿಮಿಷದ ಭಾಗ ಆರಿಸಿ, ಪ್ರತಿ ಕಟ್‌ಗೂ ಹಾಳೆಯ ಮೇಲೆ ಒಂದು ಗೀಟು ಹಾಕಿ, ಆ 600 ಸೆಕೆಂಡನ್ನು ಶಾಟ್‌ಗಳ ಸಂಖ್ಯೆಯಿಂದ ಭಾಗಿಸಿ, ಒಂದು ಶಾಟ್‌ನ ಸರಾಸರಿ ಅವಧಿ ಸಿಗುತ್ತದೆ. 1930ರಿಂದ 1960ರವರೆಗಿನ ಹಾಲಿವುಡ್ ಚಿತ್ರಗಳಲ್ಲಿ ಒಂದು ಶಾಟ್ ಸರಾಸರಿ 8ರಿಂದ 11 ಸೆಕೆಂಡ್ ನಿಲ್ಲುತ್ತಿತ್ತು ಎಂದು ಚಲನಚಿತ್ರ ವಿದ್ವಾಂಸ ಡೇವಿಡ್ ಬೋರ್ಡ್‌ವೆಲ್ ಲೆಕ್ಕ ಕೊಟ್ಟಿದ್ದಾರೆ. ನಂತರದ ದಶಕಗಳಲ್ಲಿ ಅದು ಬಹಳ ಇಳಿದಿದೆ. ಈಗಿನ ಚಿತ್ರಗಳಿಗೆ ಒಗ್ಗಿದ ಕಣ್ಣಿಗೆ ಹಳೆಯದು ನಿಧಾನವೆನಿಸುವುದು ಸಹಜ, ಆದರೆ ಅದು ಹಳೆಯ ಚಿತ್ರದ ಮೇಲೆ ಹೊರಿಸುವ ತಪ್ಪಲ್ಲ. ವಿಚಿತ್ರವೆಂದರೆ ಎರಡು ಸೆಕೆಂಡಿಗೊಂದು ಕಟ್ ಇರುವ ಚಿತ್ರವೂ ಬೇಸರ ತರಿಸಬಹುದು. ಅಲ್ಲಿ ಶಾಟ್‌ಗಳು ಬದಲಾಗುತ್ತವೆ, ಸನ್ನಿವೇಶ ಬದಲಾಗುವುದಿಲ್ಲ.

ಅಂಕದ ಬಗ್ಗೆ ಕೇಳಿದ್ದೀರಿ. ಕೊಡದಿದ್ದರೇ ಒಳ್ಳೆಯದು, ಕೊಡಲೇಬೇಕೆಂದರೆ ಆ ರಾತ್ರಿ ಬೇಡ. ಅನುಭವವೊಂದನ್ನು ಮನಸ್ಸು ಅಳೆಯುವುದು ಅದರ ಅತಿ ತೀವ್ರ ಗಳಿಗೆಯಿಂದ ಮತ್ತು ಕೊನೆಯಿಂದ ಎಂದು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 1990ರ ದಶಕದ ಪ್ರಯೋಗಗಳಲ್ಲಿ ಕಂಡುಕೊಂಡರು. ಎರಡು ಗಂಟೆ ಸಾಧಾರಣವಾಗಿ ಸಾಗಿ ಕ್ಲೈಮ್ಯಾಕ್ಸ್‌ನಲ್ಲಿ ಕಣ್ಣೀರು ತರಿಸಿದ ಚಿತ್ರಕ್ಕೆ ಅದೇ ಕಾರಣಕ್ಕೆ ಹೆಚ್ಚು ಅಂಕ ಬೀಳುತ್ತದೆ. ಅಂಕದ ಬದಲು ವಾರದ ಕೊನೆಗೆ ಎಲ್ಲ ಹಾಳೆಗಳನ್ನು ಹರಡಿಕೊಂಡು 'ಯಾವುದನ್ನು ಈಗಲೇ ಮತ್ತೆ ನೋಡಬಲ್ಲೆ' ಎಂಬ ಒಂದೇ ಪ್ರಶ್ನೆಯಿಂದ ಜೋಡಿಸಿ. ಮೇಲೆ ಬಂದದ್ದಕ್ಕೆ ಇನ್ನೂರು ಮುನ್ನೂರು ಪದ ಕೊಡಿ, ಕೆಳಗಿನದಕ್ಕೆ ಎರಡು ಸಾಲು ಸಾಕು. ಎಲ್ಲದಕ್ಕೂ ಸಮನಾಗಿ ಹಂಚಲು ಹೊರಟರೆ ಒಳ್ಳೆಯದು ಕುಗ್ಗುತ್ತದೆ, ಸಾಧಾರಣದ್ದಕ್ಕೆ ಹುಸಿ ಮಾತು ತುಂಬಬೇಕಾಗುತ್ತದೆ. ಕಥೆಯನ್ನು ಎರಡು ವಾಕ್ಯಕ್ಕಿಂತ ಹೆಚ್ಚು ಹೇಳಬೇಡಿ. ಚಿತ್ರದ ಮೂರನೇ ಒಂದು ಭಾಗ ಕಳೆದ ಮೇಲೆ ಬರುವ ಯಾವುದನ್ನೂ ಮುನ್ಸೂಚನೆ ಇಲ್ಲದೆ ಬಿಟ್ಟುಕೊಡಬೇಡಿ. ಚಿತ್ರಗಳ ನಡುವೆ ನಂಟು ಕಾಣದಿದ್ದರೆ ಬಲವಂತವಾಗಿ ಕಟ್ಟಲೂ ಬೇಡಿ, ಅವನ್ನು ಒಂದೇ ವಾರದಲ್ಲಿ ನೋಡಿದ್ದು ನೀವು, ಅಷ್ಟೇ.

ಅರ್ಧಕ್ಕೆ ಬಿಟ್ಟ ಚಿತ್ರದ ಬಗ್ಗೆಯೂ ಬರೆಯಬಹುದು, ಬಿಟ್ಟ ನಿಮಿಷವನ್ನು ಹೇಳುವುದಾದರೆ. '38ನೇ ನಿಮಿಷಕ್ಕೆ ನಿಲ್ಲಿಸಿದೆ. ಅಲ್ಲಿವರೆಗೆ ನಾಯಕಿ ಏನನ್ನೂ ತಾನಾಗಿ ಮಾಡಿಲ್ಲ, ಎಲ್ಲವೂ ಅವಳಿಗೆ ಆಗುತ್ತಲೇ ಇದೆ' – ಇದು ನ್ಯಾಯವಾದ ಮಾತು. ಆ 38 ನಿಮಿಷ ನೋಡಿ 'ಇಡೀ ಚಿತ್ರ ನಾಯಕಿಯನ್ನು ಬೊಂಬೆ ಮಾಡಿದೆ' ಎಂದರೆ ಅದು ನ್ಯಾಯವಲ್ಲ, 39ನೇ ನಿಮಿಷದಲ್ಲಿ ಅವಳು ಎದ್ದು ನಿಂತಿರಬಹುದು.